ಕೀಲಿ ಹಾಕಿ ತಂದ ಮಾಸ್ತರು

ನಮ್ಮ ಕಡೆ ಶಾಲೆಯಲ್ಲಿ ಮಾಸ್ತರರು ಕಡಿಮೆ ಬಿದ್ದರೆ ಶಾಲೆಗೆ ಕೀಲಿ ಹಾಕುತ್ತೇವೆ. ಕೀಲಿ ಎಂದರೆ ಬೀಗ. ಕಲಿಸುವವರಿಲ್ಲ ಎಂದು ಕಲಿಯುವ ಬಾಗಿಲನ್ನೇ ಮುಚ್ಚುವುದು ಎಂಥ ಜಾಣತನ ಎಂದು ಹೊರಗಿನವರು ನಗಬಹುದು. ನಗಲಿ. ಅರ್ಜಿ ಕೊಟ್ಟರೆ ಅದು ಕಪಾಟು ಸೇರುತ್ತದೆ, ಕೀಲಿ ಹಾಕಿದರೆ ಜೀಪು ಬರುತ್ತದೆ. ಗುಡೂರಿನ ಸುತ್ತಮುತ್ತ ಯಾವ ಹಳ್ಳಿಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ.

ಆ ವರ್ಷ ನಮ್ಮೂರಿನ ಸರಕಾರಿ ಶಾಲೆಯ ಗೇಟಿಗೆ ಬಿದ್ದ ಕೀಲಿ ನನ್ನದು. ನಮ್ಮ ಮಗ್ಗದ ಶೆಡ್ಡಿಗೆ ಹಾಕುತ್ತಿದ್ದ, ಅಂಗೈ ಅಗಲದ, ಎಣ್ಣೆ ಕುಡಿದು ಕಪ್ಪಾದ ಕೀಲಿ. ನಾನು ಬಿ.ಎ. ಮುಗಿಸಿ, ಎರಡು ವರ್ಷ ನೌಕರಿ ಹುಡುಕಿ, ಸಿಗದೆ ಮನೆಯ ಕಸುಬಿಗೇ ಮರಳಿದವನು. ಅಪ್ಪನ ಕೈಮಗ್ಗಗಳನ್ನು ತೆಗೆಸಿ ಎರಡು ಪವರ್‌ಲೂಮ್ ಹಾಕಿಸಿದೆ. ಒಂದೇ ಒಂದು ಕೈಮಗ್ಗವನ್ನು ಮೂಲೆಯಲ್ಲಿ ಉಳಿಸಿಕೊಂಡಿದ್ದೇನೆ, ಅದರಲ್ಲಿ ವರ್ಷಕ್ಕೊಂದು ಸೀರೆ ನೇಯುತ್ತೇನೆ. ಆ ಸೀರೆ ಪಂಚಮಿಗೆ ನನ್ನ ತಂಗಿಗೆ. ಶೆಡ್ಡು ಇರುವುದು ಶಾಲೆಯ ಎದುರಿಗೆ, ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಓಣಿ. ಲೂಮ್ ನಡೆಯುವಾಗ ಅದರ ಖಟಖಟದಲ್ಲಿ ಶಾಲೆಯ ಸದ್ದು ನಮಗೆ ಕೇಳುವುದಿಲ್ಲ. ನಮ್ಮ ಸದ್ದು ಮಾತ್ರ ಅವರಿಗೆ ದಿನವಿಡೀ ಕೇಳುತ್ತದೆ. ಓದಿದವನು, ಎದುರಿಗೇ ಇರುವವನು, ಬಾಯಿ ಜೋರಿದ್ದವನು ಎಂದು ಊರವರು ನನ್ನನ್ನು ಎಸ್‌ಡಿಎಂಸಿ ಅಧ್ಯಕ್ಷನನ್ನಾಗಿ ಮಾಡಿದ್ದರು. ಪಾಲಕರೇ ಸೇರಿ ಶಾಲೆಯನ್ನು ನೋಡಿಕೊಳ್ಳುವ ಸಮಿತಿ ಅದು. ಓದು, ನೆರೆ ಇವೆರಡನ್ನು ಬಿಟ್ಟು ಬಾಯಿಯನ್ನೇ ನೋಡಿ ಆರಿಸಿದ್ದರು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಇದೆ. ಮಾಸ್ತರರು ಹೆಡ್ ಮಾಸ್ತರರನ್ನೂ ಹಿಡಿದು ನಾಲ್ವರು. ಗಣಿತ ವಿಜ್ಞಾನಕ್ಕೆ ಯಾರೂ ಇರಲಿಲ್ಲ. ಇದ್ದವರು ಬಡ್ತಿಯ ಮೇಲೆ ಹೋದ ನಂತರ ಆ ಖುರ್ಚಿ ಖಾಲಿಯೇ ಉಳಿದಿತ್ತು. ಕನ್ನಡ ಕಲಿಸುವ ಬಾಯಿಯವರು, ನಮ್ಮ ಕಡೆ ಶಿಕ್ಷಕಿಗೆ ಹಾಗೇ ಅನ್ನುವುದು, ಆರನೆಯ ತರಗತಿಗೆ ಪದ್ಯ ಬರೆಯಲು ಹಚ್ಚಿ, ಏಳನೆಯದಕ್ಕೆ ಹೋಗಿ ಭಾಗಾಕಾರ ಹಾಕಿ, ಎಂಟನೆಯದಕ್ಕೆ ಹೋಗುವಷ್ಟರಲ್ಲಿ ಆರನೆಯದರಲ್ಲಿ ಬಡಿದಾಟ ಶುರುವಾಗಿರುತ್ತಿತ್ತು. ನನ್ನ ಹಿರಿಯ ಮಗ ಇದೇ ಶಾಲೆಯಲ್ಲಿ ಕಲಿತವನು. ಅವನನ್ನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜಿಗೆ ಸೇರಿಸಲು ಕರೆದುಕೊಂಡು ಹೋದಾಗ, ಅವನ ಗಣಿತದ ಅಂಕ ನೋಡಿ ಅಲ್ಲಿಯ ಗುಮಾಸ್ತೆ ಒಮ್ಮೆ ಮಗನ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಆ ನೋಟ ನನ್ನನ್ನು ಊರಿನವರೆಗೂ ಚುಚ್ಚಿತು. ಮಗಳು ಆಗ ಏಳನೆಯ ತರಗತಿಯಲ್ಲಿದ್ದಳು. ಇವಳಿಗೂ ಹೀಗೇ ಆಗಬಾರದು ಎಂದು ಮನಸ್ಸಿನಲ್ಲಿ ಹಟ ಹಿಡಿದೆ.

ಜುಲೈ ತಿಂಗಳ ಒಂದು ಸೋಮವಾರ ಕೀಲಿ ಹಾಕಿದೆವು. ಹೆಡ್ ಮಾಸ್ತರರು ಬೇವಿನ ಗಿಡದ ಕೆಳಗೆ ನಿಂತು, ನನ್ನ ಕಡೆ ನೋಡದೆ ಹೇಳಿದರು: "ಅಧ್ಯಕ್ಷರ, ನಾ ಏನೂ ನೋಡಿಲ್ಲ, ನನಗೇನೂ ಗೊತ್ತಿಲ್ಲ. ಲಗೂನ ಹಾಕ್ರಿ." ಮಕ್ಕಳಿಗಂತೂ ಹಬ್ಬ. "ಬೇಕ ಬೇಕು, ಮಾಸ್ತರ ಬೇಕು" ಎಂದು ಗಂಟಲು ಹರಿಯುವಂತೆ ಕೂಗಿದರು. ಹೆಣ್ಣುಮಕ್ಕಳು ಮಗ್ಗ ಬಿಟ್ಟು ಬಂದು ಗೇಟಿನ ಮುಂದೆ ಕೂತರು. ಮಧ್ಯಾಹ್ನಕ್ಕೆ ಜೀಪು ಬಂತು.

ತಾಲೂಕಿನ ಶಿಕ್ಷಣ ಇಲಾಖೆಯ ಸಾಹೇಬರು ಕೆಟ್ಟವರಲ್ಲ. ಸೋತ ಮನುಷ್ಯನ ದನಿಯಲ್ಲಿ ಅವರು ನನಗೆ ಹೇಳಿದರು: "ನೀವು ಕೀಲಿ ಹಾಕಿದ್ರ ನಾ ಮಾಸ್ತರನ್ನ ಎಲ್ಲಿಂದ ತರ್ಲಿ ಹೇಳ್ರಿ? ಹಿತ್ತಲದಾಗ ಬೆಳಿತೇನೇನು?"

ನನ್ನ ಬಾಯಿ ಸುಮ್ಮನಿರಲಿಲ್ಲ. "ಎಲ್ಲಿಂದಾರ ತರ್ರಿ. ಅದು ನಿಮ್ಮ ಕೆಲಸ. ನಮಗ ಮಾಸ್ತರ ಬೇಕು, ಅಷ್ಟ."

ಜನ ಸೀಟಿ ಹೊಡೆದರು. ಸಾಹೇಬರು ದೂರ ಹೋಗಿ ಯಾರಿಗೋ ಫೋನ್ ಮಾಡಿದರು. ಬಂದು, ಎಂಟು ದಿನದಲ್ಲಿ ಕೊಡುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟರು. ನಾನು ಕೀಲಿ ತೆಗೆದೆ. ಆ ದಿನ ಓಣಿಯಲ್ಲಿ ನಡೆಯುವಾಗ ನನ್ನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಸಾಹೇಬರು ಮಾತು ಉಳಿಸಿಕೊಂಡರು. ಎಂಟು ದಿನದಲ್ಲಿ ಒಂದು ಹಳೆಯ ಬೈಕಿನ ಮೇಲೆ, ತೆಳ್ಳಗಿನ, ಮೆದು ಮಾತಿನ ಒಬ್ಬರು ಬಂದಿಳಿದರು. ಬಾದಾಮಿ ಕಡೆಯವರು, ಇಳಕಲ್ಲಿನಲ್ಲಿ ಕೋಣೆ ಹಿಡಿದು ಇದ್ದವರು. ಗಣಿತ ವಿಜ್ಞಾನದ ಮಾಸ್ತರು. ಮಾಲೆ ಹಾಕಿ, ಶಾಲು ಹೊದಿಸಿ ಒಳಗೆ ಕರೆದೆವು. ಚಹಾ ಕುಡಿಯುತ್ತ ನಾನು ಕೇಳಿದೆ, "ಸರ್, ಮೊದಲ ಯಾವ ಊರಾಗ ಇದ್ರಿ?"

ಅವರು ಹೇಳಿದ್ದು ನನ್ನ ತಂಗಿಯ ಊರಿನ ಹೆಸರು.

ಆ ಊರು ನಮಗೆ ದೂರವಲ್ಲ, ನಡುವೆ ಎರಡು ಗುಡ್ಡ ಮಾತ್ರ. ನೇಕಾರರ ಮನೆ ಅಲ್ಲಿ ಬೆರಳೆಣಿಕೆಯಷ್ಟು. ಉಳಿದವರೆಲ್ಲ ಬೀರಪ್ಪನ ಒಕ್ಕಲು, ಹೊಲದವರು, ಕುರಿಯವರು. ಶಾಲೆ ಸಣ್ಣದು, ಮಾಸ್ತರರು ಮೂವರಿದ್ದರು. ಮಕ್ಕಳ ಲೆಕ್ಕ ನೋಡಿದರೆ ಆ ಶಾಲೆಗೆ ಒಬ್ಬರು ಹೆಚ್ಚಾಗುತ್ತಾರೆ, ನಮ್ಮ ಶಾಲೆಗೆ ಕಡಿಮೆ ಆಗುತ್ತಾರೆ ಎಂದು ಸಾಹೇಬರು ಕಾಗದದಲ್ಲಿ ತೋರಿಸಿದ್ದರು. ಕಾಗದ ಸುಳ್ಳೇನೂ ಆಗಿರಲಿಲ್ಲ. ಆದರೆ ಆ ಶಾಲೆಯಲ್ಲೂ ಎಂಟು ತರಗತಿಗಳಿದ್ದವು. ಮಕ್ಕಳು ಕಡಿಮೆ ಇದ್ದರೆ ತರಗತಿಗಳೇನು ಕಡಿಮೆ ಆಗುತ್ತವೆಯೇ? ನನ್ನ ತಂಗಿಯ ಮಗಳು ಅಲ್ಲೇ ಎಂಟನೆಯ ತರಗತಿಯಲ್ಲಿದ್ದಳು. ಆ ವರ್ಷ ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂಡುವವಳಿದ್ದಳು.

ಚಹಾದ ಕಪ್ಪು-ಬಸಿ ಕೈಯಲ್ಲಿ ಹಿಡಿದುಕೊಂಡು ನಾನು ಏನು ಯೋಚಿಸಿದೆ ಎಂಬುದನ್ನು ಬರೆಯಲು ಈಗ ಮುಖ ಬಿಸಿಯಾಗುತ್ತದೆ. ತಂಗಿಗೆ ಫೋನ್ ಮಾಡಬೇಕು ಎಂದು ಯೋಚಿಸಲಿಲ್ಲ. ಈ ಮಾತು ನಮ್ಮೂರವರಿಗೆ ಗೊತ್ತಾದರೆ, ತಂಗಿಯ ಮುಲಾಜಿಗೆ ಇವನು ಮಾಸ್ತರರನ್ನು ವಾಪಸು ಕಳಿಸಿಯಾನು ಎಂದು ಅನುಮಾನ ಪಟ್ಟಾರು, ಅದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಯೋಚಿಸಿದೆ.

ಆಗಸ್ಟಿನಲ್ಲಿ ಪಂಚಮಿ ಬಂತು. ಉಳಿದ ಯಾವ ಹಬ್ಬಕ್ಕೆ ತಪ್ಪಿಸಿದರೂ ಪಂಚಮಿಗೆ ಅಣ್ಣನಾದವನು ತಂಗಿಯನ್ನು ಕರೆಯಲು ಹೋಗದೆ ಇರುವಂತಿಲ್ಲ. ಹೋಗದಿದ್ದರೆ ಅವಳು ಗಂಡನ ಮನೆಯಲ್ಲಿ ತಲೆ ಎತ್ತುವುದು ಹೇಗೆ? ಆ ವರ್ಷದ ಸೀರೆಯನ್ನು ಮೊದಲಿಗಿಂತ ಹೆಚ್ಚು ಮನಸ್ಸಿಟ್ಟು ನೇಯ್ದಿದ್ದೆ. ನವಿಲು ಬಣ್ಣದ ಮೈ, ಕೆಂಪು ಸೆರಗು. ಸೆರಗನ್ನು ಮೈಗೆ ಕೂಡಿಸುವಾಗ ಒಂದೊಂದು ಎಳೆಗೂ ಕೊಂಡಿ ಹಾಕಬೇಕು, ಅದನ್ನು ನಾನೇ ಕೂತು ಹಾಕಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಸುಮ್ಮನೆ ಅನ್ನುವುದಿಲ್ಲ.

ತಂಗಿ ಎಂದಿನಂತೆಯೇ ಕರೆದು ನೀರು ಕೊಟ್ಟಳು. ಸಜ್ಜೆ ರೊಟ್ಟಿ, ಮಡಿಕೆಕಾಳು ಪಲ್ಯ, ಶೇಂಗಾ ಉಂಡಿ. ಊಟಕ್ಕೆ ಕೂತಾಗ ಅವಳ ಮಗಳು ಪಕ್ಕದಲ್ಲಿ ಇನ್ನೊಬ್ಬ ಹುಡುಗಿಯನ್ನು ಕೂಡಿಸಿಕೊಂಡಿದ್ದಳು. ಸೂಜಿಯಂಥ ಕಣ್ಣಿನ, ಎಣ್ಣೆ ಕಾಣದ ಕೂದಲಿನ, ಬಾಯಿ ತುಂಬ ನಗುವ ಹುಡುಗಿ. ಕುರಿಯವರ ಮನೆಯವಳು, ನಮ್ಮ ಹುಡುಗಿಯ ಜೊತೆ ಒಂದೇ ಬೆಂಚಿನಲ್ಲಿ ಕೂಡುವವಳು. ಗೆಳತಿಯ ಮಾಮಾ ತನಗೂ ಮಾಮಾ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು.

"ಮಾಮಾ, ನಮ್ಮ ಸರ್ ನಿಮ್ಮೂರಿಗೆ ಬಂದಾರಂತ, ಖರೇನ್ರಿ?"

"ಹೂನವಾ."

"ಅವರಿಗೆ ನಾ ಕೇಳೇನಿ ಅಂತ ಹೇಳ್ರಿ. ಮರಿಬ್ಯಾಡ್ರಿ ಮತ್ತ."

ಹೇಳುತ್ತೇನೆ ಎಂದೆ. ಅವಳು ಉಂಡಿ ಕಡಿಯುತ್ತ ನನ್ನ ಕಡೆ ನೋಡಿ ನಗುತ್ತಿದ್ದಳು. ಅವಳ ನಗುವಿನಲ್ಲಿ ಏನೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ.

ಹುಡುಗಿಯರು ಎದ್ದು ಜೋಕಾಲಿಯ ಕಡೆ ಓಡಿದ ಮೇಲೆ ನಾನು ಸೀರೆ ತೆಗೆದು ತಂಗಿಯ ಮುಂದೆ ಇಟ್ಟೆ. ಅವಳು ಅದನ್ನು ಮುಟ್ಟಿದಳು, ಸೆರಗಿನ ಕೊಂಡಿಯ ಮೇಲೆ ಬೆರಳಾಡಿಸಿದಳು. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಅದರ ಹಿಂದಿನ ಕೆಲಸ ಗೊತ್ತು.

"ಅಣ್ಣಾ, ಸೀರಿ ಭಾಳ ಛಲೋ ಐತಿ. ಆದ್ರ ಈ ವರ್ಷ ಸೀರಿ ಬ್ಯಾಡ."

"ಯಾಕವಾ?"

"ವಾರದಾಗ ಮೂರು ದಿನ ಸರ್‌ನ ಕೊಡು. ಮೂರು ದಿನ ನಿಮ್ಮಲ್ಲಿ ಇರ್ಲಿ, ಮೂರು ದಿನ ಇಲ್ಲಿ ಬರ್ಲಿ. ನಿಮ್ಮ ಕಮಿಟಿಯವರು ಒಂದು ಠರಾವು ಬರದು ಕೊಟ್ರ ಸಾಹೇಬ್ರು ಹೂಂ ಅಂತಾರಂತ. ನಮ್ಮ ಹೆಡ್ ಮಾಸ್ತರು ಕೇಳಿ ಬಂದಾರ. ನೀ ಅಧ್ಯಕ್ಷ ಅದಿ. ನಿನ್ನ ಒಂದು ಮಾತು."

ನಾನು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. "ನೋಡೂನು" ಎಂದೆ. ನಮ್ಮ ಕಡೆ ನೋಡೂನು ಎಂದರೆ ಏನೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ದನಿ ಎತ್ತಲಿಲ್ಲ.

"ಒಂದು ಮಗ್ಗದ ಹಾಸು ಕೊಯ್ದು ಇನ್ನೊಂದು ಮಗ್ಗಕ್ಕ ಹಾಕಿದ್ರ ಅದು ನೇಯ್ಗಿ ಏನೋ ಅಣ್ಣಾ?" ಎಂದಷ್ಟೇ ಕೇಳಿದಳು. ಹಬ್ಬದ ದಿನ ತವರಿನ ಸೀರೆ ಬೇಡ ಎನ್ನುವುದು ಶುಭವಲ್ಲ ಎಂದು ಅದನ್ನು ಎತ್ತಿ ಟ್ರಂಕಿನಲ್ಲಿ ಇಟ್ಟಳು. ನನ್ನ ಜೊತೆ ತವರಿಗೂ ಬಂದಳು, ಉಂಡಳು, ಜೋಕಾಲಿ ಆಡಿದಳು, ಮರಳಿ ಹೋದಳು. ಆ ಸೀರೆಯನ್ನು ಮಾತ್ರ ಉಡಲಿಲ್ಲ.

ಸಮಿತಿಯ ಸಭೆ ಸೇರಿದಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊಸ ಮಾಸ್ತರರು ಬಂದ ಮೇಲೆ ನಮ್ಮ ಮಕ್ಕಳ ಕಳೆಯೇ ಬದಲಾಗಿತ್ತು. ನನ್ನ ಮಗಳು ಮನೆಯ ಗೋಡೆಯ ತುಂಬ ಇದ್ದಲಿನಿಂದ ತ್ರಿಭುಜ ಬರೆದಿದ್ದಳು. ಶಾಲೆ ಬಿಟ್ಟ ಮೇಲೂ ಅವರು ಹಿಂದುಳಿದ ಮಕ್ಕಳನ್ನು ಕೂಡಿಸಿಕೊಂಡು ಲೆಕ್ಕ ಹೇಳುತ್ತಿದ್ದರು. ನಾಲ್ಕು ದಿನ ಬಾರದ ಹುಡುಗನ ಮನೆಗೆ ತಾವೇ ಹೋಗಿ, ಕಟ್ಟೆಯ ಮೇಲೆ ಕೂತು, ಬಾರದ ಕಾರಣ ಕೇಳುತ್ತಿದ್ದರು. ಒಬ್ಬ ಪಾಲಕರು ಸಭೆಯಲ್ಲಿ ಎದ್ದು ನಿಂತು, "ಅಧ್ಯಕ್ಷರು ಬಂಗಾರದಂಥಾ ಮಾಸ್ತರನ್ನ ತಂದ್ರು" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಚಪ್ಪಾಳೆಯ ಮೇಲೆ ಎದ್ದುನಿಂತು, ಇನ್ನು ಅವರನ್ನು ಅರ್ಧ ಕೊಟ್ಟುಬಿಡೋಣ ಎಂದು ಹೇಳುವ ಎದೆ ನನಗಿರಲಿಲ್ಲ. ತಂಗಿಯ ಮಾಯೆಗೆ ಊರು ಮಾರಿದ ಎನ್ನುತ್ತಾರೆ ಎಂಬ ಹೆದರಿಕೆ. ಜೀಪಿನ ಮುಂದೆ ಬಿಚ್ಚಿದ ಬಾಯಿ ನಮ್ಮವರ ಮುಂದೆ ಹೊಲಿದುಕೊಂಡಿತು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ಮಾಸ್ತರರು ಶೆಡ್ಡಿಗೆ ಬಂದರು. ಲೂಮಿನ ಸದ್ದಿನಲ್ಲಿ ಮಾತು ಕೇಳದೆ ಇಬ್ಬರೂ ಹೊರಗೆ ಬಂದು ನಿಂತೆವು.

"ಅಧ್ಯಕ್ಷರ, ಬರೂ ಗುರುವಾರ ಮಧ್ಯಾಹ್ನ ನನಗ ರಜಾ ಬೇಕಾಗಿತ್ತು. ಹೆಡ್ ಮಾಸ್ತರು, ನಿಮಗ ಒಂದು ಮಾತು ಕೇಳ್ರಿ ಅಂದ್ರು."

ರಜೆ ಕೊಡುವುದು ಹೆಡ್ ಮಾಸ್ತರರ ಕೆಲಸ, ನನ್ನದಲ್ಲ. ಆದರೆ ಒಮ್ಮೆ ಕೀಲಿ ಹಾಕಿದ ಊರು ಇನ್ನೊಮ್ಮೆ ಹಾಕಲು ಹಿಂದೆ ಮುಂದೆ ನೋಡುವುದಿಲ್ಲ ಎಂದು ಅವರಿಗೆ ಅಂಜಿಕೆ. ಯಾತಕ್ಕೆ ರಜೆ ಎಂದು ಕೇಳಿದೆ.

ಮಾಸ್ತರರು ಹೇಳಿದ ಸಂಗತಿ ಇದು. ನನ್ನ ತಂಗಿಯ ಊರಿನಲ್ಲಿ ಕುರಿಯವರು ದೀಪಾವಳಿ ಹೊತ್ತಿಗೆ ಹಿಂಡು ಹೊಡೆದುಕೊಂಡು ದೂರದ ಹೊಲಗಳಿಗೆ ಹೊರಡುತ್ತಾರೆ, ಮರಳುವುದು ಮಳೆಗಾಲಕ್ಕೆ. ಹೊರಡುವ ದಿನ ಬೀರಪ್ಪನ ಗುಡಿಯಲ್ಲಿ ಪೂಜೆ. ಆ ಸೂಜಿಗಣ್ಣಿನ ಹುಡುಗಿಯ ಅಪ್ಪ ಪ್ರತಿ ವರ್ಷ ಅವಳನ್ನೂ ಜೊತೆಗೆ ಕರೆದೊಯ್ಯುವ ಮಾತಾಡುತ್ತಿದ್ದ. ಮರಿ ನೋಡಿಕೊಳ್ಳಲು, ಅಡುಗೆಗೆ ನೀರು ತರಲು ಒಬ್ಬರು ಬೇಕಲ್ಲ. ಮಾಸ್ತರರು ಪ್ರತಿ ವರ್ಷ ಆ ಹೊತ್ತಿಗೆ ಸರಿಯಾಗಿ ಗುಡಿಗೆ ಹೋಗುತ್ತಿದ್ದರು. ಪೂಜೆಯ ಭಂಡಾರ, ಅಂದರೆ ಬೀರಪ್ಪನ ಅರಿಶಿನ ಪುಡಿ, ಅಪ್ಪನ ಅಂಗೈಯಲ್ಲಿ ಇರುವಾಗಲೇ ಕೇಳುತ್ತಿದ್ದರು: ಈ ವರ್ಷ ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಡುತ್ತೀಯೋ ಇಲ್ಲವೋ? ಭಂಡಾರ ಹಿಡಿದ ಕೈಯಿಂದ ಇಲ್ಲ ಎನ್ನಲು ಅವನಿಗೆ ಆಗುತ್ತಿರಲಿಲ್ಲ. ಬಿಡುತ್ತೇನೆ ಎನ್ನುತ್ತಿದ್ದ. ಕೊಟ್ಟ ಮಾತನ್ನು ನಡೆಸುತ್ತಿದ್ದ.

"ಹೋದ ವರ್ಷನ ಮಾತು ಕೊಟ್ಟಾನಲ್ರಿ, ಮತ್ಯಾಕ?" ಎಂದೆ.

"ಆ ಮಾತು ಒಂದು ವರ್ಷದ್ದ್ರಿ. ಕುರಿ ಊರಿಗೆ ತಿರುಗಿ ಬಂದ್ವು ಅಂದ್ರ ಮಾತು ತೀರ್ತು. ಮತ್ತ ಹೊಸದಾಗಿ ಕೇಳಬೇಕು. ಬ್ಯಾರೆ ಯಾರರ ಕೇಳಿದ್ರ ಅಂವ ನಕ್ಕು ಬಿಡ್ತಾನ. ನಾ ಹೋದ್ರ ಕೇಳ್ತಾನ್ರಿ, ರೂಢಿ ಆಗೇತಿ."

ನನಗೆ ಎಲ್ಲ ತಿಳಿಯಿತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಸೌಕರ್ಯವೂ ನನಗಿಲ್ಲ. ಆದರೆ ಅದರ ಹಿಂದಿನ ವಾರವೇ ಇಬ್ಬರು ಪಾಲಕರು ನನ್ನ ಹತ್ತಿರ ಬಂದು, ಹೊಸ ಮಾಸ್ತರರ ಜೀವ ಇನ್ನೂ ಹಳೆಯ ಊರಲ್ಲೇ ಇದೆ, ರವಿವಾರ ಅಲ್ಲಿಗೆ ಹೋಗಿ ಪಾಠ ಹೇಳುತ್ತಾರಂತೆ, ಒಂದು ದಿನ ಅಲ್ಲಿಗೇ ಹೋಗಿಬಿಡುತ್ತಾರೆ, ಹಗ್ಗ ಸ್ವಲ್ಪ ಬಿಗಿ ಹಿಡಿಯಿರಿ ಎಂದು ಹೇಳಿ ಹೋಗಿದ್ದರು. ಗುರುವಾರ ನಮ್ಮ ಮಕ್ಕಳಿಗೆ ಕಿರುಪರೀಕ್ಷೆಯೂ ಇತ್ತು.

"ಸರ್, ಅದು ಈಗ ನಿಮ್ಮ ಸಾಲಿ ಅಲ್ಲ," ಎಂದೆ. "ಗುರುವಾರ ಪರೀಕ್ಷಾ ಐತಿ. ಮುಂದಿನ ವಾರ ಬೇಕಾದ್ರ ಹೋಗಿ ಬರ್ರಿ."

"ಮುಂದಿನ ವಾರ ಕುರಿ ಇರೂದಿಲ್ರಿ."

"ಮತ್ತ ಏನ್ ಮಾಡೂದ್ರಿ, ನಮ್ಮ ಮಕ್ಕಳನ್ನ ಬಿಟ್ಟು ಹೋಗಾಕ ಬರೂದಿಲ್ಲಲ್ರಿ."

ಅವರು ವಾದ ಮಾಡಲಿಲ್ಲ. ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಜಗಳಕ್ಕಾದರೂ ನಾನು ಸೋಲುತ್ತಿದ್ದೆನೇನೋ. "ಆತ್ರಿ" ಎಂದು ಬೈಕ್ ಹತ್ತಿ ಹೋದರು. ಗುರುವಾರ ಪರೀಕ್ಷೆ ನಡೆಸಿದರು. ನಾನು ಶೆಡ್ಡಿನ ಬಾಗಿಲಿಗೆ ಎರಡು ಸಲ ಬಂದು, ಅವರ ಬೈಕ್ ಗೇಟಿನೊಳಗೆ ಇದೆಯೋ ಇಲ್ಲವೋ ಎಂದು ನೋಡಿದೆ. ನನ್ನಷ್ಟಕ್ಕೆ ನಾನೇ ಕಾವಲುಗಾರನಾಗಿದ್ದೆ.

ಎರಡು ದಿನ ಬಿಟ್ಟು ತಂಗಿ ಫೋನ್ ಮಾಡಿದಳು. ಹಬ್ಬದ ಮಾತು, ಎಣ್ಣೆ ಸ್ನಾನದ ಮಾತು ಮುಗಿದ ಮೇಲೆ ಹೇಳಿದಳು: "ಅಕಿ ಕುರಿ ಹಿಂದ ಹೋದಳಣ್ಣಾ. ನಿನ್ನ ಸೊಸಿ ಊಟ ಬಿಟ್ಟು ಕುಂತಾಳ. ಸರ್ ಬರ್ತಾರಂತ ಅಕಿ ಗುಡಿ ಕಟ್ಟಿ ಮ್ಯಾಲ ಹೊತ್ತು ಇಳಿಯೂತನಕ ಹಾದಿ ನೋಡಿದಳಂತ." ತಂಗಿಗೆ ಗುರುವಾರದ ಸಂಗತಿ ಗೊತ್ತಿರಲಿಲ್ಲ. ಮಾಸ್ತರರು ಯಾರ ಮುಂದೆಯೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. "ಏನ್ ಮಾಡಾಕ ಆಕ್ಕೈತಿ, ಅವರ ಕಸುಬು" ಎಂದು ಹೇಳಿ ಫೋನ್ ಇಟ್ಟೆ. ಪರರ ಕಸುಬಿನ ಮೇಲೆ ತಪ್ಪು ಹಾಕುವುದು ಎಷ್ಟು ಸಲೀಸು! ಅವರ ಕಸುಬು ಅವಳನ್ನು ಅಷ್ಟು ವರ್ಷ ಶಾಲೆಯಲ್ಲಿ ಬಿಟ್ಟಿತ್ತು. ಬಿಡದೆ ಹೋದದ್ದು ನಾನು.

ಇದರ ನಂತರ ನಡೆದದ್ದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಕೊನೆಗೆ ಇಟ್ಟರೆ ನಾನು ಒಳ್ಳೆಯವನಂತೆ ಕಾಣುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಸಭೆ ಕರೆದು, ಮಾಸ್ತರರನ್ನು ಮೂರು ದಿನ ಆ ಊರಿಗೆ ಬಿಡೋಣ ಎಂದು ನಾನೇ ಹೇಳಿದೆ. ನಿರೀಕ್ಷಿಸಿದ ಎಲ್ಲ ಮಾತುಗಳನ್ನೂ ಕೇಳಿದೆ, ನಿರೀಕ್ಷಿಸದ ಕೆಲವನ್ನೂ ಕೇಳಿದೆ. "ಹಂಗಿದ್ರ ತಂಗಿ ಊರಾಗ ಅಧ್ಯಕ್ಷ ಆಗು ಹೋಗಲೇ" ಎಂದು ನನ್ನ ಜೊತೆ ಆಡಿ ಬೆಳೆದವನೇ ಅಂದ. ಕಡೆಗೆ ಕನ್ನಡ ಕಲಿಸುವ ಬಾಯಿಯವರು ಎದ್ದು, ಉಳಿದ ಮೂರು ದಿನ ತಾವು ಹೇಗೋ ತೂಗಿಸುತ್ತೇವೆ ಎಂದ ಮೇಲೆ ಠರಾವಾಯಿತು. ಸಾಹೇಬರು ಹೂಂ ಎಂದರು. ಮಾಸ್ತರರು ಈಗಲೂ ಮೂರು ದಿನ ಇಲ್ಲಿ, ಮೂರು ದಿನ ಗುಡ್ಡದ ಆಚೆ. ಎರಡೂ ಊರಿನಲ್ಲಿ ಅರ್ಧರ್ಧ ಹೊಟ್ಟೆ. ಮೊದಲೇ ಮಾಡಿದ್ದರೆ ಒಂದು ಗುರುವಾರ ಆ ಊರಿನ ಪಾಲಿಗೆ ಬರುತ್ತಿತ್ತು.

ಹೇಳಬೇಕಾದದ್ದು ಉಳಿದಿರುವುದು ಸಂಕ್ರಾಂತಿಗೆ ಮೊದಲಿನ ಒಂದು ಮಧ್ಯಾಹ್ನ.

ನಮ್ಮೂರ ಹೊಲದವರು ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಪ್ರತಿ ವರ್ಷ ಯಾವುದೋ ಹಿಂಡು ಬರುತ್ತದೆ, ನಾಲ್ಕು ರಾತ್ರಿ ನಿಲ್ಲುತ್ತದೆ, ಹೋಗುತ್ತದೆ. ಯಾರ ಹಿಂಡು ಎಂದು ನಾನು ಎಂದೂ ಕೇಳಿದವನಲ್ಲ. ಆ ಮಧ್ಯಾಹ್ನ ಎರಡೂ ಲೂಮ್ ಓಡುತ್ತಿದ್ದವು. ಬಾಗಿಲಲ್ಲಿ ನೆರಳು ಬಿತ್ತು. ತಿರುಗಿ ನೋಡಿದರೆ ಪ್ಲಾಸ್ಟಿಕ್ ಕ್ಯಾನು ಹಿಡಿದ ಒಬ್ಬ ಹುಡುಗಿ. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕಾಲಿಗೆ ದೊಡ್ಡವರ ಚಪ್ಪಲಿ. ಕಣ್ಣಿನಿಂದ ಗುರುತು ಹಿಡಿದೆ.

ಅವಳು ಮೊದಲು ಏನೋ ಅಂದಳು, ಕೇಳಲಿಲ್ಲ. ಹತ್ತಿರ ಬಂದು ಕೂಗಿದಳು: "ಮಾಮಾ, ನೀರು ತುಂಬ್ಕೊಳ್ಳಲೇನ್ರಿ?"

ಹೊರಗಿನ ನಳ ತೋರಿಸಿದೆ. ತುಂಬಿಕೊಂಡು ಮತ್ತೆ ಬಾಗಿಲಿಗೆ ಬಂದಳು. ಬಾಯಿ ತುಂಬ ಅದೇ ನಗು. ಪಂಚಮಿಯಲ್ಲಿ ನನ್ನ ಎದುರು ಉಂಡಿ ಕಡಿದ ಹುಡುಗಿಗೂ ಇವಳಿಗೂ ನಡುವೆ ಏನೂ ನಡೆದೇ ಇಲ್ಲವೇನೋ ಎಂಬಂತೆ, "ಊರಾಗ ಎಲ್ಲಾರೂ ಆರಾಮ ಅದಾರ್ರಿ?" ಎಂದು ಗೆಳತಿಯ ಕ್ಷೇಮ ಕೇಳಿದಳು. ಹೂಂ ಎಂದೆ. ಆಮೇಲೆ ಕೇಳಿದಳು:

"ಮಾಮಾ, ಇದ ಸಾಲಿಯಲ್ರಿ? ನಮ್ಮ ಸರ್ ಒಳಗ ಅದಾರೇನ್ರಿ? ಒಂದ ಸಲ ನೋಡಿ ಹೋಗ್ತೇನಿ."

ಓಣಿ ದಾಟಿದರೆ ಗೇಟು. ಗೇಟಿನೊಳಗೆ ಬೈಕ್ ನಿಂತಿತ್ತು. ಆ ಕಡೆ ಬೆನ್ನು ಮಾಡಿ ನಿಂತವಳಿಗೆ ಬೈಕ್ ಕಂಡಿರಲಾರದು ಎಂದು ನಾನು ಲೆಕ್ಕ ಹಾಕಿದೆ, ಅಷ್ಟು ಬೇಗ ಲೆಕ್ಕ ಹಾಕುವ ತಲೆ ನನಗೆ ಎಲ್ಲಿಂದ ಬಂತೋ. ಅವಳನ್ನು ಈ ಚಪ್ಪಲಿಯಲ್ಲಿ, ಈ ಕಂಬಳಿಯಲ್ಲಿ ಮಾಸ್ತರರು ನೋಡುತ್ತಾರೆ. ಯಾಕೆ ಸರ್ ಬರಲಿಲ್ಲ ಎಂದು ಅವಳು ಕೇಳುತ್ತಾಳೆ. ಅವರು ನನ್ನ ಹೆಸರು ಹೇಳುವುದಿಲ್ಲ, ಸುಮ್ಮನಿರುತ್ತಾರೆ. ಆ ಸುಮ್ಮನಿರುವುದನ್ನು ನಾನು ಇಲ್ಲಿ ಬಾಗಿಲಲ್ಲಿ ನಿಂತು ನೋಡಬೇಕಾಗುತ್ತದೆ. ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

"ಇಲ್ಲವಾ," ಎಂದು ಲೂಮಿನ ಸದ್ದಿನ ಮೇಲೆ ಕೂಗಿದೆ. "ಇವತ್ತ ಸರ್ ಬಂದಿಲ್ಲ."

ಆಗ ಕರೆಂಟು ಹೋಯಿತು.

ನಮ್ಮ ಕಡೆ ಮಧ್ಯಾಹ್ನ ಕರೆಂಟು ಹೋಗುವುದು ದಿನದ ಮಾತು. ಎರಡೂ ಲೂಮ್ ಒಮ್ಮೆಲೇ ನಿಂತವು. ಕಿವಿ ಖಾಲಿಯಾದಂತಾಯಿತು. ಆ ಖಾಲಿಯಲ್ಲಿ ಓಣಿಯಾಚೆಯಿಂದ ಮಾಸ್ತರರ ದನಿ ಸ್ಪಷ್ಟವಾಗಿ ಬಂತು. "ತ್ರಿಭು‌ಜದ ಮೂರೂ ಕೋನ ಕೂಡಿಸಿದ್ರ ಎಷ್ಟು?" ಮಕ್ಕಳೆಲ್ಲ ಒಟ್ಟಿಗೆ, "ನೂರಾ ಎಂಬತ್ತು!" ಅದರಲ್ಲಿ ನನ್ನ ಮಗಳ ದನಿಯೂ ಇತ್ತು.

ಹುಡುಗಿಯ ತುಟಿ ತಾನಾಗಿಯೇ ಆಡಿತು. ಅವಳೂ ನೂರಾ ಎಂಬತ್ತು ಎಂದಿದ್ದಳು, ದನಿ ಹೊರಗೆ ಬರಲಿಲ್ಲ. ಮುಖ ಒಂದು ಗಳಿಗೆ ದೀಪ ಹಚ್ಚಿದಂತಾಗಿ ಶಾಲೆಯ ಕಡೆ ತಿರುಗಿತು. ಆಮೇಲೆ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ. ಕಣ್ಣು ಕೆಳಗೆ ಹಾಕಿ, ಬಗ್ಗಿ ಕ್ಯಾನಿನ ಮುಚ್ಚಳ ಬಿಗಿ ಮಾಡಿದಳು. ಅದು ಮೊದಲೇ ಬಿಗಿಯಾಗಿತ್ತು.

"ಹೌದ್ರಿ ಮಾಮಾ," ಎಂದಳು, ದೊಡ್ಡವರು ಸಣ್ಣವರನ್ನು ಸಂಭಾಳಿಸುವ ದನಿಯಲ್ಲಿ. "ಬಂದಿಲ್ಲ ಕಾಣ್ತೈತಿ. ನಾಳಿ ಬಂದ್ರ ನಾ ಕೇಳೇನಿ ಅಂತ ಹೇಳ್ರಿ."

ಕ್ಯಾನು ತಲೆಯ ಮೇಲೆ ಇಟ್ಟುಕೊಂಡು, ಶಾಲೆಯ ಗೇಟಿನ ಮುಂದೆಯೇ, ಒಳಗೆ ನೋಡದೆ ನಡೆದು ಹೋದಳು. ಕರೆಂಟು ಬಹಳ ಹೊತ್ತು ಬರಲಿಲ್ಲ. ಪಾಠ ಮುಗಿಯುವವರೆಗೂ ನಾನು ಕೈಮಗ್ಗದ ಪಕ್ಕದಲ್ಲಿ ಕೂತು, ಒಂದೂ ಮಾತು ಬಿಡದೆ ಕೇಳಿಸಿಕೊಂಡೆ.